ಒಂದು ರಿಂಗು

"ನಾಲ್ಕೇ ನಾಲ್ಕು ಕಾಳು ಅಕ್ಕ. ತುಟಿಗೆ ಮುಟ್ಟಿಸಿದ್ರೂ ಸಾಕು," ಎನ್ನುತ್ತ ಮಾಧವಿ ಪಂಕಜಾ ಅವರ ಮೊಣಕೈ ಹಿಡಿದು ಶವಪೆಟ್ಟಿಗೆಯ ಕಡೆಗೆ ಒಂದು ಹೆಜ್ಜೆ ನಡೆಸಲು ನೋಡಿದಳು. ಪಂಕಜಾ ಜಗ್ಗಲಿಲ್ಲ. ಪುರೋಹಿತರು ಕೊಟ್ಟ ಅಕ್ಕಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಲ್ಲೇ ನಿಂತರು.

"ಅವರ ಬಾಯಿಗೆ ನಾನು ಹಾಕಲ್ಲ," ಎಂದರು. ದನಿ ಏರಿಸಲಿಲ್ಲ. "ಮೂವತ್ತೊಂಬತ್ತು ವರ್ಷ ಮಾಡಿ ಹಾಕಿದೀನಿ, ಸಾಕು. ಕೊನೇ ದಿನಾನೂ ಸುಳ್ಳು ರಿಂಗ್ ಕೊಟ್ಟು ಆ ನರಿಗಳ ಹತ್ರಾನೇ ಕೂತಿದ್ರಲ್ಲ. ಅವೇ ಬಂದು ಹಾಕ್ಲಿ."

ಬೆಲ್ವ್ಯೂದ ಆ ಫ್ಯೂನರಲ್ ಹೋಮಿನ ಹಾಲಿನಲ್ಲಿ ಐವತ್ತು ಜನರಿದ್ದರೆ ಹೆಚ್ಚು. ಮಾರ್ಚ್ ತಿಂಗಳ ಮಳೆಗೆ ಒದ್ದೆಯಾದ ಜಾಕೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವರಿಗೆಲ್ಲ ಮಾತು ಕೇಳಿಸಿತು. ಕೇಳಿಸಿದವರೆಲ್ಲ ಒಟ್ಟಿಗೆ ಗೋಡೆಯ ಮೇಲಿದ್ದ ಬೆಟ್ಟದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪುರೋಹಿತರು ಏನು ಮಾಡುವುದೆಂದು ತೋಚದೆ ಉದಯನ ಮುಖ ನೋಡಿದರು. ಸತ್ತ ಬಾಲಕೃಷ್ಣನಿಗೆ ಮಕ್ಕಳಿಲ್ಲ. ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮ ಉದಯನೇ ಕರ್ಮ ಮಾಡಬೇಕು.

"ಅತ್ತಿಗೇನ ಬಲವಂತ ಮಾಡಬೇಡಿ," ಎಂದ ಉದಯ. ಹೆಂಡತಿ ಮಾಧವಿ ತನ್ನನ್ನೇ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಅತ್ತ ತಿರುಗದೆ ತಾನೇ ಅಕ್ಕಿ ತೆಗೆದುಕೊಂಡ. ಅಣ್ಣನ ತುಟಿಗೆ ಇಲ್ಲಿಯವರು ಏನೋ ಬಣ್ಣ ಹಚ್ಚಿದ್ದರು. ಬದುಕಿದ್ದಾಗ ಇಷ್ಟು ಕೆಂಪಗೆ ಅವನು ಯಾವತ್ತೂ ಇರಲಿಲ್ಲ. ಎರಡು ಕಾಳು ಜಾರಿ ಅಣ್ಣನ ಕಿವಿಯ ಹತ್ತಿರ ಬಿದ್ದವು.

ಸುಳ್ಳು ರಿಂಗಿನ ಸಂಗತಿ ಇಷ್ಟು. ರಿಟೈರಾದ ಮೇಲೆ ಬಾಲಕೃಷ್ಣನಿಗೆ ಹಿಡಿದ ಹುಚ್ಚೆಂದರೆ ರಾತ್ರಿ ಹೊತ್ತು ಕೊಯೋಟಿಗಳನ್ನು, ಅಂದರೆ ನರಿಯಂಥ ಇಲ್ಲಿನ ಕಾಡುಪ್ರಾಣಿಗಳನ್ನು, ಪತ್ತೆ ಮಾಡುವುದು. ಕಾರ್ನೇಶನ್ ಎಂಬ ಊರಿನ ಹತ್ತಿರ ಮೈಸೂರಿನ ಅಹ್ಮದನದೊಂದು ಮೇಕೆ ಫಾರ್ಮ್ ಇತ್ತು. ಬಕ್ರೀದಿಗೆ ಇಲ್ಲಿನ ಮುಸ್ಲಿಂ ಮನೆಗಳಿಗೆಲ್ಲ ಮೇಕೆ ಹೋಗುತ್ತಿದ್ದುದು ಅಲ್ಲಿಂದ. ಮರಿ ಹಾಕುವ ಕಾಲಕ್ಕೆ ಕೊಯೋಟಿಗಳು ಬೇಲಿ ನುಗ್ಗುತ್ತಿದ್ದವು. ಅವು ಯಾವ ದಿಕ್ಕಿನಲ್ಲಿವೆ, ಎಷ್ಟಿವೆ ಎಂದು ಕೂಗಿಸಿ ತಿಳಿದುಕೊಳ್ಳಲು ಬಾಲಕೃಷ್ಣ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ತರಿಸಿದ. ವಾರಕ್ಕೆ ಎರಡು ಮೂರು ರಾತ್ರಿ ಇಸ್ಸಾಕ್ವಾದ ಮನೆಯಿಂದ ಹೊರಡುತ್ತಿದ್ದ. ಪಂಕಜಾ ಜಗಳವಾಡಿ, ಸೋತು, ಒಂದು ಕರಾರು ಹಾಕಿದ್ದರು: ವಾಪಸು ಬಂದು ಬಾಗಿಲು ಹಾಕಿಕೊಂಡ ಮೇಲೆ ಯಾರಿಗಾದರೂ ತಿಳಿಸಬೇಕು. ಅವರು ನಿದ್ದೆ ಮಾತ್ರೆ ತೆಗೆದುಕೊಂಡು ಮಲಗುವವರು. ಆದ್ದರಿಂದ ಆ ಯಾರಾದರೂ ಎಂದರೆ ಉದಯ. ಒಂದು ರಿಂಗು ಕೊಟ್ಟು ಕಟ್ ಮಾಡಿದರೆ, ಮನೆ ಸೇರಿದೆ ಎಂದರ್ಥ. ಎತ್ತುವ ಹಾಗಿಲ್ಲ.

ಮಂಗಳವಾರ ಬೆಳಿಗ್ಗೆ ನೋಡಿದರೆ ಬಾಲಕೃಷ್ಣ ಅಹ್ಮದನ ಬೇಲಿಯ ಹತ್ತಿರ ಬೋರಲು ಬಿದ್ದು ಸತ್ತಿದ್ದ. ಹೃದಯಾಘಾತ ಎಂದರು. ಬಿದ್ದ ಮೇಲೂ ಸ್ವಲ್ಪ ಹೊತ್ತು, ಬಹುಶಃ ಒಂದು ಗಂಟೆ, ಜೀವವಿತ್ತು ಎಂದೂ ಹೇಳಿದರು. ಪಂಕಜಾ ಅಳುವುದಕ್ಕೂ ಮೊದಲು ಉದಯನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ರಾತ್ರಿ ರಿಂಗ್ ಬಂತಾ?"

"ಬಂತು ಅತ್ತಿಗೆ. ಒಂದು ರಿಂಗ್ ಬಂದು ಕಟ್ ಆಯ್ತು. ಮನೆಗೆ ಬಂದ ಅಂದ್ಕೊಂಡು ಮಲಗಿಬಿಟ್ಟೆ."

ಅದು ಸುಳ್ಳು. ಆ ರಾತ್ರಿ ಫೋನು ಮೂರು ಸಲ ಬಂದಿತ್ತು. ಮೂರು ಸಲವೂ ಕೊನೆಯವರೆಗೆ ಹೊಡೆದುಕೊಂಡಿತ್ತು. ಉದಯ ಎಚ್ಚರವಾಗಿಯೇ ಇದ್ದ. ತನ್ನ ಫೋನಿನಿಂದ ಆ ಮೂರು ಸಾಲುಗಳನ್ನು ಅವನು ಮಂಗಳವಾರ ಬೆಳಿಗ್ಗೆಯೇ ಅಳಿಸಿದ್ದ. ಅಣ್ಣನ ಫೋನು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಅದು ಸಿಗದೇ ಹೋಗಲಿ ಎಂದು ನಾಲ್ಕು ದಿನದಿಂದ, ದೇವರ ಮೇಲೆ ನಂಬಿಕೆಯಿಲ್ಲದ ಮನುಷ್ಯ, ಸಿಕ್ಕಿದ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದ.

*

ಒಂದು ರಿಂಗಿನ ಕರಾರು ಮೊದಲು ಆದದ್ದು ಉದಯನಿಗಾಗಿಯೇ.

ಎಂಬತ್ತನಾಲ್ಕರಲ್ಲಿ ಅಣ್ಣ ಅವನನ್ನು ಕರೆಸಿಕೊಂಡ. ಅಣ್ಣ ಎಪ್ಪತ್ತರಲ್ಲೇ ಇಲ್ಲಿನ ಯೂನಿವರ್ಸಿಟಿಗೆ ಬಂದು, ಓದು ಮುಗಿಸಿ, ವಿಮಾನದ ಕಂಪನಿಯಲ್ಲಿ ಸದ್ದು ಅಳೆಯುವ ಕೆಲಸ ಹಿಡಿದಿದ್ದ. ರೆಂಟನ್ನಿನ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ ಉದಯನಿಗೆ ಒಂದು ಮಂಚ, ಒಂದು ಹೀಟರು. ಓದಿನ ಜೊತೆಗೆ ಅವನಿಗೆ ಯೂನಿವರ್ಸಿಟಿಯ ಕಂಪ್ಯೂಟರ್ ಕೋಣೆಯಲ್ಲಿ ರಾತ್ರಿ ಪಾಳಿ ಸಿಕ್ಕಿತು. ಬ್ರೇಕು ಹಿಡಿದರೆ ಎಡಕ್ಕೆ ಎಳೆಯುವ ಹಳೆಯ ಕಾರು, ಚಳಿಗಾಲದ ಸೇತುವೆ.

"ಹೋಗಿ ಸೇರಿದ ತಕ್ಷಣ ಪೇ ಫೋನಿಂದ ಮಾಡು," ಎಂದಿದ್ದ ಅಣ್ಣ. "ಒಂದು ರಿಂಗ್ ಆದ್ಮೇಲೆ ಇಟ್ಬಿಡು. ನಾನು ಎತ್ತಲ್ಲ. ಹಾಕಿದ ನಾಣ್ಯ ವಾಪಸ್ ಬೀಳತ್ತೆ, ಎತ್ಕೊಂಡು ಕಾಫಿ ಕುಡಿ."

ನಾಲ್ಕು ವರ್ಷ ಅದೇ ನಾಣ್ಯ ನಡೆಯಿತು ಎಂದು ಉದಯ ಆಮೇಲೆ ಪಾರ್ಟಿಗಳಲ್ಲಿ ಹೇಳಿ ನಗಿಸುತ್ತಿದ್ದ. ಅಣ್ಣ ಆ ರಿಂಗು ಬರುವವರೆಗೆ ಅಡುಗೆಮನೆಯ ಫೋನಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ ಎನ್ನುವುದನ್ನು ಹೇಳುತ್ತಿರಲಿಲ್ಲ, ಅದರಲ್ಲಿ ನಗುವಂಥದ್ದೇನಿರಲಿಲ್ಲ.

ಎಂಬತ್ತಾರರ ಜನವರಿಯ ಒಂದು ರಾತ್ರಿ ಹಿಮದಲ್ಲಿ ಕಾರು ಜಾರಿ ಇಳಿಜಾರಿನ ಚರಂಡಿಗೆ ಇಳಿಯಿತು. ಉದಯನ ಬಾಗಿಲು ತೆರೆಯಲಿಲ್ಲ. ಗಾಜಿನ ಮೇಲೆ ಹಿಮ ಕೂತು ಒಳಗೆ ಕತ್ತಲೆಯಾಯಿತು. ಕಾಲಿನ ಬೆರಳುಗಳ ಅರಿವು ಹೋಗುವಷ್ಟರಲ್ಲಿ ಯಾರೋ ಗಾಜು ಒರೆಸಿ ಟಾರ್ಚು ಬಿಟ್ಟರು. ಪೈಜಾಮದ ಮೇಲೆ ಕೋಟು ಹಾಕಿಕೊಂಡ ಅಣ್ಣ. ಅವನ ಕಾರಿನಲ್ಲಿ ಅತ್ತಿಗೆ, ಅವರ ತೊಡೆಯ ಮೇಲೆ ಫ್ಲಾಸ್ಕು, ಫ್ಲಾಸ್ಕಿನಲ್ಲಿ ಮೆಣಸಿನ ಸಾರು.

"ಹೇಗೆ ಗೊತ್ತಾಯ್ತು?" ಎಂದು ಉದಯ ಹಲ್ಲು ಕಟಕಟಿಸುತ್ತ ಕೇಳಿದ.

"ಇಪ್ಪತ್ತು ನಿಮಿಷ ನೋಡಿದೆ. ರಿಂಗ್ ಬರ್ಲಿಲ್ಲ, ಹೊರಟೆ."

"ನಾನು ಮರೆತಿದ್ರೆ?"

"ಮರೆತಿದ್ರೆ ಬೈದು ವಾಪಸ್ ಬರ್ತಿದ್ದೆ," ಎಂದ ಅಣ್ಣ.

*

ಕನ್ನಡ ಸಂಘದ ಹಳೆಯ ಕಾರ್ಯದರ್ಶಿ ಶಿವಕುಮಾರ್ ನಾಲ್ಕು ಮಾತಾಡಲು ಎದ್ದು ಮೈಕ್ ಹಿಡಿದರು. ಮೈಕ್ ಕೀ ಎಂದು ಕಿರುಚಿತು. ಹಾಲಿನಲ್ಲಿದ್ದ ಅರ್ಧ ಜನ ತಟ್ಟನೆ ಹಿಂದಿನ ಬಲಮೂಲೆಯತ್ತ ತಿರುಗಿದರು. ಮೂವತ್ತು ವರ್ಷ ಸಂಘದ ಪ್ರತಿ ಯುಗಾದಿ, ಪ್ರತಿ ರಾಜ್ಯೋತ್ಸವದಲ್ಲೂ ಆ ಮೂಲೆಯಲ್ಲಿ ಆಂಪ್ಲಿಫೈಯರ್ ಪಕ್ಕ ಕೂತು ಮೈಕ್ ಸರಿಮಾಡುತ್ತಿದ್ದವನು ಬಾಲಕೃಷ್ಣ. ಸ್ಟೇಜಿಗೆ ಅವನನ್ನು ಯಾರೂ ಕರೆದದ್ದಿಲ್ಲ. ಮೈಕ್ ಕಿರುಚಿದಾಗ ಮಾತ್ರ ಅವನ ನೆನಪಾಗುತ್ತಿತ್ತು. ಈಗಲೂ ಹಾಗೆಯೇ ಆಯಿತು. ಅವನು ಮುಂದೆ ಮಲಗಿದ್ದಾನೆಂದು ಹೊಳೆದು ಎಲ್ಲರೂ ಕತ್ತು ಈಚೆಗೆ ತಿರುಗಿಸಿಕೊಂಡರು.

"ಬಾಲಕೃಷ್ಣ ಅವ್ರು ಪ್ರಕೃತಿಪ್ರಿಯರು," ಎಂದರು ಶಿವಕುಮಾರ್. "ಪ್ರಕೃತಿ ಮಡಿಲಲ್ಲೇ, ಯಾರಿಗೂ ತೊಂದ್ರೆ ಕೊಡದೆ, ನೆಮ್ಮದಿಯಾಗಿ ಹೋಗಿಬಿಟ್ರು. ಇಂಥ ಸಾವು ಪುಣ್ಯವಂತರಿಗೆ ಮಾತ್ರ."

ಪಂಕಜಾ ಸೀರೆಯ ಮೇಲಿನ ಶಾಲನ್ನು ಎಳೆದುಕೊಂಡರು. ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು.

ಭಾಷಣಗಳು ಮುಗಿದು ಜನ ಒಬ್ಬೊಬ್ಬರಾಗಿ ಕೈಮುಗಿದು ಹೋಗುವಾಗ, ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಅಹ್ಮದ್ ಮುಂದೆ ಬಂದ. ಅರವತ್ತು ದಾಟಿದ ಆಳು, ಬಿಳಿ ಗಡ್ಡ, ಬೂಟಿನ ಅಂಚಿಗೆ ಫಾರ್ಮಿನ ಕೆಸರು. ಇಪ್ಪತ್ತೈದು ವರ್ಷ ರೆಡ್ಮಂಡಿನಲ್ಲಿ ಸಾಫ್ಟ್‌ವೇರ್ ಬರೆದು, ಕಣ್ಣು ಮಂಜಾದ ಮೇಲೆ ಮೇಕೆ ಸಾಕಲು ಹೊರಟವನು. ಹೆಣವನ್ನು ಮೊದಲು ಕಂಡವನೂ ಅವನೇ.

"ಅಕ್ಕಾ, ನಿಮ್ ಹತ್ರ ಒಂದ್ ಮಾತು ಹೇಳ್ಬೇಕು," ಎಂದ. "ಪೋಲೀಸಿಗೆ ಹೇಳಿದೀನಿ. ನಿಮಗೆ ಹೇಳಿಲ್ಲ."

ಪಂಕಜಾ ತಲೆಯೆತ್ತಿದರು.

"ಅವತ್ ರಾತ್ರಿ ಪೆಟ್ಟಿಗೆ ಸದ್ದು ಬದಲಾಯ್ತು. ಬಾಲಣ್ಣ ಯಾವಾಗ್ಲೂ ಊಳಿಡೋ ಸದ್ದು ಮಾತ್ರ ಹಾಕೋರು. ಅವತ್ತು ಮೊಲ ಕಿರುಚೋದು ಬಂತು. ಬಿಟ್ಟೂಬಿಡದೆ ಬಂತು. ಅದು ಬಂದೂಕಿನವರು ನರೀನ ಹತ್ರ ಬರಿಸೋಕೆ ಹಾಕೋ ಸದ್ದು, ನಾನು ಹಾಕಲ್ಲ ಅಂತಿದ್ರು ಅವರು. ನನಗೆ ಹಾಸಿಗೇಲಿ ಕೇಳಿಸ್ತು ಅಕ್ಕಾ. ಇವತ್ತೇನೋ ಹೊಸದು ಟ್ರೈ ಮಾಡ್ತಿದಾರೆ ಅಂದ್ಕೊಂಡೆ. ಪಕ್ಕದಲ್ಲಿ ಮಲಗಿದ್ದ ಅಮೀನಾ, ಎದ್ದು ನೋಡಿ ಅಂದ್ಳು. ಚಳಿ, ಹೊರಗೆ ಯಾರು ಹೋಗ್ತಾರೆ ಅಂತ ಕಂಬಳಿ ಎಳ್ಕೊಂಡೆ. ಬೆಳಿಗ್ಗೆ ರಿಮೋಟು ಅವರ ಕೈಯಲ್ಲೇ ಇತ್ತು. ನನ್ನ ಎಬ್ಬಿಸೋಕೆ ಹಾಕಿದ್ದು ಅದು."

ಅಷ್ಟು ಹೇಳುವಷ್ಟರಲ್ಲಿ ಅವನ ಮುಖ ಕಿವುಚಿಕೊಂಡಿತು. ಎಲ್ಲರೆದುರಿಗೇ, ಒರೆಸಿಕೊಳ್ಳದೆ, ಅತ್ತ. ಪಂಕಜಾ ಮೊದಲ ಸಲ ಮುಷ್ಟಿ ಸಡಿಲಿಸಿದರು. ಅಕ್ಕಿ ಎಡಗೈಗೆ ಹಾಕಿಕೊಂಡು ಬಲಗೈಯನ್ನು ಅವನ ತೋಳಿನ ಮೇಲಿಟ್ಟರು.

"ನಿಮಗೇನು ಗೊತ್ತಾಗ್ಬೇಕು ಅಹ್ಮದ್? ಕೇಳಿಸ್ತು, ಎದ್ದು ಬರ್ಲಿಲ್ಲ ಅಂತ ಬಂದು ಹೇಳಿದ್ರಲ್ಲ. ಹಾಗೆ ಹೇಳೋಕೂ ಗಟ್ಟಿಯಾದ ಎದೆ ಬೇಕು."

ಉದಯ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಈಗ ಹೇಳಿಬಿಟ್ಟರೆ ಅಹ್ಮದನ ಮಾತಿನ ಜೊತೆಗೇ ತನ್ನದೂ ಸೇರಿಹೋಗುತ್ತದೆ ಎನಿಸಿತು. ಒಬ್ಬ ಹೇಳಿದ್ದಾನೆ, ಕ್ಷಮೆಯೂ ಸಿಕ್ಕಿದೆ, ದಾರಿ ತೆರೆದಿದೆ.

"ಅತ್ತಿಗೆ," ಎಂದ.

ಅವರು ತಿರುಗಿದರು. "ಏನೋ?"

"ಹೊತ್ತಾಯ್ತು. ಪುರೋಹಿತರು ಕಾಯ್ತಿದಾರೆ."

ಅಹ್ಮದ್ ಕಣ್ಣೊರೆಸಿಕೊಂಡು, "ಫೋನ್ ಇನ್ನೂ ಸಿಕ್ಕಿಲ್ಲ," ಎಂದ. "ಆ ಬ್ಲಾಕ್‌ಬೆರಿ ಮುಳ್ಳಿನ ಪೊದೆ ಒಂದೇ ಬಾಕಿ. ಇವತ್ತು ಮೆಷಿನ್ ಹಾಕಿ ಕೊಯ್ಸಿಬಿಡ್ತೀನಿ."

"ಬಿಡಿ ಅಹ್ಮದ್ ಭಾಯಿ, ಹಳೇ ಮಡಚೋ ಫೋನು. ನೆನೆದು ಹಾಳಾಗಿರತ್ತೆ," ಎಂದ ಉದಯ, ಸ್ವಲ್ಪ ಬೇಗನೆ.

"ಹುಡುಕ್ಲಿ," ಎಂದರು ಪಂಕಜಾ. "ಅದರಲ್ಲಿ ಟೈಮ್ ಇರತ್ತಲ್ಲ. ಎಷ್ಟು ಹೊತ್ತಿಗೆ ಮನೇಗೆ ಬಂದೆ ಅಂತ ಸುಳ್ಳು ರಿಂಗ್ ಕೊಟ್ರು, ಅದನ್ನ ನಾನು ನೋಡ್ಬೇಕು."

*

ಅಣ್ಣನ ಜೊತೆ ಉದಯ ಹೋದದ್ದು ಒಂದೇ ಸಲ, ಹಿಂದಿನ ಅಕ್ಟೋಬರಿನಲ್ಲಿ. ಬಾ ಬಾ ಎಂದು ಒಂದು ವರ್ಷ ಕರೆದಿದ್ದ ಅಣ್ಣ. ಹೋಗದಿದ್ದರೆ ಕರೆಯುವುದು ನಿಲ್ಲುವುದಿಲ್ಲ ಎಂದೇ ಉದಯ ಹೋದದ್ದು.

ಅಹ್ಮದನ ಮನೆಯ ದೀಪಗಳು ಹಿಂದೆ ಉಳಿದ ಮೇಲೆ ಅಣ್ಣ ಟಾರ್ಚು ಆರಿಸಿದ. ತಿಂಡಿ ಡಬ್ಬಿಯಷ್ಟು ದೊಡ್ಡ ಹಸಿರು ಪೆಟ್ಟಿಗೆ, ಅದಕ್ಕೊಂದು ಸ್ಪೀಕರಿನ ಬಾಯಿ. ಅದನ್ನು ಬೇಲಿಯ ಕಂಬದ ಮೇಲೆ ಕೂರಿಸಿ, ಗಾಳಿ ಎತ್ತಲಿಂದ ಬರುತ್ತಿದೆ ಎಂದು ಮೂಗೆತ್ತಿ ನೋಡಿ, ಉದಯನನ್ನು ಕರೆದುಕೊಂಡು ಐವತ್ತು ಹೆಜ್ಜೆ ಆಚೆ ಮರದ ಬುಡದಲ್ಲಿ ಕೂತ. ಮಡಿಲಲ್ಲಿ ರಿಮೋಟು, ಕೈಯಲ್ಲಿ ನಕ್ಷೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲು.

"ಈಗ ಉಸಿರೂ ಬಿಡ್ಬೇಡ," ಎಂದು ಗುಂಡಿ ಒತ್ತಿದ.

ಪೆಟ್ಟಿಗೆ ಊಳಿಟ್ಟಿತು. ಒಂಟಿ ಗಂಡಿನ ಉದ್ದನೆಯ ಊಳು. ಅದು ಕಣಿವೆಯ ಆಚೆ ಬದಿಗೆ ಬಡಿದು ಕರಗಿತು. ಮತ್ತೆ ಏನೂ ಇಲ್ಲ. ಉದಯನಿಗೆ ಮೊಣಕಾಲು ನೋಯತೊಡಗಿತು. ನಾಳೆ ಏಳು ಗಂಟೆಗೆ ಮೀಟಿಂಗು ಇತ್ತು. ಇನ್ನೇನು ಏಳೋಣ ಎನ್ನುವಾಗ ಹೊಳೆಯ ಕಡೆಯಿಂದ ಒಂದು ದನಿ ಬಂತು, ಅದರ ಬೆನ್ನಿಗೆ ಕಿಚಕಿಚ ಎಂದು ಹತ್ತಾರು.

"ಎಷ್ಟಿವೆ ಹೇಳು?" ಎಂದು ಅಣ್ಣ ಪಿಸುಗುಟ್ಟಿದ.

"ಹತ್ತು, ಹನ್ನೆರಡು?"

"ಮೂರೇ. ಎರಡು ದೊಡ್ಡವು, ಒಂದು ಈ ವರ್ಷದ್ದು. ಹಾಗೆ ಕೇಳಿಸೋ ಹಾಗೆ ಮಾಡ್ತವೆ." ಕತ್ತಲಲ್ಲೂ ಅವನು ನಗುತ್ತಿರುವುದು ಗೊತ್ತಾಗುತ್ತಿತ್ತು. ನಕ್ಷೆಯಲ್ಲಿ ಹೊಳೆಯ ತಿರುವಿಗೆ ಒಂದು ಗುರುತು ಹಾಕಿದ. "ನಾಳೆ ಅಹ್ಮದಿಗೆ ಹೇಳ್ತೀನಿ, ಆ ಮೂಲೆ ಬೇಲಿ ಎತ್ತರಿಸೋಕೆ. ಮರಿಗಳೂ ಉಳೀತವೆ, ಇವೂ ಉಳೀತವೆ."

"ಮರಿ ಉಳಿದು ಬಕ್ರೀದಿಗೆ ಹೋಗತ್ತೆ," ಎಂದ ಉದಯ.

"ಅದು ಅಹ್ಮದ್ ವಿಷಯ. ನಾನು ಬೇಲಿವರೆಗೆ."

"ಇನ್ನೊಂದ್ ಸಲ ಕೂಗಿಸು, ಮುಗಿಸಿ ಹೋಗೋಣ."

"ಉಹೂಂ. ಒಂದು ಜಾಗದಲ್ಲಿ ಒಂದೇ ಸಲ. ಸುಮ್ಸುಮ್ನೆ ಕರೀತಾ ಇದ್ರೆ ಅವಕ್ಕೆ ಅಭ್ಯಾಸ ಆಗೋಗತ್ತೆ. ಕೇಳಿಸ್ಕೊಳ್ತಾ ಅಲ್ಲೇ ಕೂತಿರ್ತವೆ. ಎದ್ದು ಬರಲ್ಲ."

ಮೂವತ್ತು ವರ್ಷ ವಿಮಾನದೊಳಗಿನ ಸದ್ದು ಅಳೆದವನಿಗೆ ಕತ್ತಲಲ್ಲಿ ಕೂತು ಇನ್ನೊಂದು ಜೀವದ ಉತ್ತರ ಕೇಳಿಸಿಕೊಳ್ಳುವುದು ಎಷ್ಟು ದೊಡ್ಡ ಸಂಗತಿ ಎಂದು ಉದಯನಿಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೂ ಏಳು ಗಂಟೆಯ ಮೀಟಿಂಗು ಇದ್ದೇ ಇರುತ್ತಿತ್ತು.

*

ಸುಡುವ ಜಾಗಕ್ಕೆ ಹದಿನೈದು ನಿಮಿಷದ ದಾರಿ. ಅತ್ತಿಗೆ ಶಿವಕುಮಾರರ ಕಾರಿನಲ್ಲಿ ಮುಂದೆ ಹೋದರು. ಉದಯನ ಕಾರಿನಲ್ಲಿ ಮಾಧವಿ ಒಬ್ಬಳೇ. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ವೈಪರನ್ನೇ ನೋಡುತ್ತ ಹೇಳಿದಳು:

"ನಾನೂ ಎಚ್ಚರ ಇದ್ದೆ ರೀ ಅವತ್ತು."

ಉದಯ ವೈಪರಿನ ವೇಗ ಒಂದು ಹಂತ ಏರಿಸಿದ.

"ಮೂರು ಸಲ ಬಂತು. ಮೇಜಿನ ಮೇಲೆ ಗುರುಗುಟ್ಟೋದು ಕೇಳಿಸ್ತಿತ್ತು. ನೀವು ಬೋರಲು ಹಾಕಿದ್ದೂ ನೋಡ್ದೆ. ನಾನೂ ಏನೂ ಅನ್ಲಿಲ್ಲ. ನನಗೂ ನಿದ್ದೆ ಬೇಕಿತ್ತು."

"ಈಗ ಅದನ್ನೆಲ್ಲ ಎತ್ತಿ ಏನು ಪ್ರಯೋಜನ?"

"ಅಕ್ಕ ಅವರ ಬಾಯಿಗೆ ಅಕ್ಕಿ ಹಾಕ್ಲಿಲ್ಲ. ಭಾವನವರು ಸುಳ್ಳು ಹೇಳಿ ಸತ್ರು ಅಂದ್ಕೊಂಡಿದಾರೆ ಅವರು. ಇನ್ನರ್ಧ ಗಂಟೆ ಇದೆ. ಒಳಗೆ ಕಳ್ಸೋಕೆ ಮುಂಚೆ ಹೇಳಿಬಿಡಿ."

ಹಿಂದಿನ ಕಾರು ಹಾರ್ನ್ ಮಾಡಿತು. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು.

"ಹೇಳ್ತೀನಿ," ಎಂದ ಉದಯ.

ಸುಡುವ ಜಾಗ ಎಂದರೆ ಒಂದು ಕೋಣೆ, ಸ್ಟೀಲಿನ ಬಾಗಿಲು, ಗೋಡೆಯ ಮೇಲೆ ಒಂದು ಗುಂಡಿ. ಎಂಟು ಜನರನ್ನಷ್ಟೇ ಒಳಗೆ ಬಿಟ್ಟರು. ಪುರೋಹಿತರು ಮಂತ್ರ ಮುಗಿಸಿ, "ಕೊನೇ ಸಲ ಯಾರಾದ್ರೂ ನೋಡೋರಿದ್ರೆ ನೋಡಿ," ಎಂದರು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಪಂಕಜಾ ಒಂದು ಹೆಜ್ಜೆ ಮುಂದೆ ಬಂದರು. ಎಡಗೈಯಲ್ಲಿ ಅಕ್ಕಿ ಇನ್ನೂ ಇತ್ತು. ಅವರು ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಯಾರಾದರೂ ಒಂದು ಮಾತು ಹೇಳಿದರೆ ಸಾಕು, ಹಾಕಿಬಿಡುತ್ತೇನೆ ಎನ್ನುವ ಹಾಗಿತ್ತು ಆ ನಿಲುವು. ಉದಯ ಅದನ್ನು ಕಂಡ. ಮಾಧವಿ ಕಂಡಳು.

ಉದಯನಿಗೆ ಹೇಳುವ ಮಾತುಗಳೆಲ್ಲ ಸಿದ್ಧವಿದ್ದವು. ಅತ್ತಿಗೆ, ಅಣ್ಣ ಸುಳ್ಳು ರಿಂಗ್ ಕೊಡಲಿಲ್ಲ. ಮೂರು ಸಲ ಕರೆದ. ನಾನು ಎತ್ತಲಿಲ್ಲ. ಇಷ್ಟೇ. ಆದರೆ ಅದನ್ನು ಹೇಳಿದ ಮೇಲೆ ಈ ಎಂಟು ಜನರ ಮಧ್ಯೆ ನಿಂತು ಗುಂಡಿ ಒತ್ತಬೇಕು, ಅಸ್ಥಿ ಹಿಡಿಯಬೇಕು, ಹದಿಮೂರು ದಿನ ಆ ಮನೆಯಲ್ಲಿ ಅತ್ತಿಗೆಯ ಎದುರು ಕೂತು ಉಣ್ಣಬೇಕು. ಬೇಸ್‌ಮೆಂಟಿನಲ್ಲಿ ಮಲಗಿದ್ದ ಹುಡುಗನನ್ನು ನಾಲ್ಕು ವರ್ಷ ಉಣ್ಣಿಸಿದ ಕೈ ಅದು. ಆ ಕೈ ಮತ್ತೆ ತನಗೆ ಬಡಿಸುವುದಿಲ್ಲ ಎನ್ನುವುದು ಅವನಿಗೆ ಸಾವಿಗಿಂತ ಹೆಚ್ಚಾಗಿ ಹೆದರಿಕೆ ಹುಟ್ಟಿಸಿತು. ಸಂಜೆ ಹೇಳುತ್ತೇನೆ ಎಂದುಕೊಂಡ. ಇಬ್ಬರೇ ಇದ್ದಾಗ.

"ಮುಚ್ಚಿ," ಎಂದರು ಪಂಕಜಾ. ಅಕ್ಕಿಯನ್ನು ಪುರೋಹಿತರ ತಟ್ಟೆಗೆ ವಾಪಸು ಸುರಿದರು.

ಉದಯ ಗುಂಡಿ ಒತ್ತಿದ. ಬಾಗಿಲಿನ ಹಿಂದೆ ಬೆಂಕಿ ಹೊತ್ತಿಕೊಂಡ ಸದ್ದು ಬಂತು. ಅದು ಎಷ್ಟು ಗಟ್ಟಿಯಿದೆ ಎಂದು ಅಣ್ಣನಾದರೆ ಕಿವಿಯಲ್ಲೇ ಅಳೆದು ಹೇಳುತ್ತಿದ್ದ.

*

ಆ ಸೋಮವಾರ ರಾತ್ರಿ ಮೊದಲ ಸಲ ಫೋನು ಗುರುಗುಟ್ಟಿದಾಗ ಹನ್ನೆರಡೂ ಮುಕ್ಕಾಲು. ಒಂದು ರಿಂಗಿಗೆ ನಿಲ್ಲುತ್ತದೆ ಎಂದು ಉದಯ ಕಾದ. ನಿಲ್ಲಲಿಲ್ಲ. ಹೀಗೆ ನಿಲ್ಲದ ರಿಂಗು ಬಂದರೆ ಏನರ್ಥ ಎಂದು ಅವನಿಗೆ ಗೊತ್ತಿತ್ತು. ಈ ಚಳಿಗಾಲದಲ್ಲಿ ಅಣ್ಣ ಹೊಸ ಚಾಳಿ ಶುರುಮಾಡಿದ್ದ: ಒಳ್ಳೆಯ ಊಳು ಬಂದರೆ ಅಲ್ಲಿಂದಲೇ ಫೋನು ಮಾಡಿ, ಫೋನನ್ನು ಗಾಳಿಗೆ ಹಿಡಿದು, ಕೇಳಿಸ್ತಾ, ಕೇಳಿಸ್ತಾ ಎನ್ನುವುದು. ಎರಡು ಸಲ ಎತ್ತಿದ್ದ ಉದಯ. ಆಮೇಲೆ ಎತ್ತುವುದನ್ನು ಬಿಟ್ಟಿದ್ದ. ಹಿಂದಿನ ಶನಿವಾರವಷ್ಟೇ ಮನೆಗೆ ಬಂದಿದ್ದ ಆಫೀಸಿನವರೆದುರು ಅಣ್ಣ ಗಂಟಲಿನಿಂದ ಕೊಯೋಟಿ ಕೂಗಿ ತೋರಿಸಿದಾಗ, ಅಡುಗೆಮನೆಗೆ ಕರೆದು ಹೇಳಿಯೂ ಬಿಟ್ಟಿದ್ದ: "ನಿನಗೆ ಬೇರೆ ಕೆಲಸ ಇಲ್ಲ ಅಣ್ಣ. ನಮಗಿದೆ." ಅಣ್ಣ ತಲೆ ಆಡಿಸಿ, ಬರುತ್ತೇನೆ ಎಂದು ಹೊರಟಿದ್ದ. ಊಟ ಮಾಡಿರಲಿಲ್ಲ.

ಫೋನಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಉದಯ ಕೈಚಾಚಿ ಅದನ್ನು ಬೋರಲು ಹಾಕಿದ. ಮತ್ತೆ ಬಂತು. ಮತ್ತೆ ಬಂತು. ಮೂರನೆಯದು ನಿಂತ ಮೇಲೆ, ಸದ್ಯ, ಎಂದು ಮಗ್ಗುಲು ಬದಲಿಸಿದ. ಅಣ್ಣನ ಹಳೆಯ ಫೋನಿನಲ್ಲಿ ಹಸಿರು ಗುಂಡಿಯನ್ನು ಎರಡು ಸಲ ಒತ್ತಿದರೆ ಕೊನೆಗೆ ಮಾಡಿದ ನಂಬರಿಗೇ ಹೋಗುತ್ತದೆ, ಬೇರೆ ನಂಬರು ಹುಡುಕಿ ಒತ್ತಲು ಕಣ್ಣೂ ಕೈಯೂ ಬೇಕು ಎನ್ನುವುದು ಅವನಿಗೆ ಹೊಳೆದದ್ದು ಬೆಳಿಗ್ಗೆ.

*

ಸಂಜೆ ಸ್ನಾನ ಮುಗಿಸಿ ಇಸ್ಸಾಕ್ವಾದ ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಕೂತರು: ಪಂಕಜಾ, ಉದಯ, ಮಾಧವಿ, ಮತ್ತು ಅಡುಗೆ ತಂದ ಶಿವಕುಮಾರ್. ಒಗ್ಗರಣೆಯಿಲ್ಲದ ಹೆಸರುಬೇಳೆ, ಅನ್ನ. ಬಾಲಕೃಷ್ಣ ಕೂರುತ್ತಿದ್ದ ಕುರ್ಚಿಯ ಮೇಲೆ ಪೋಲೀಸರು ಕೊಟ್ಟ ಕವರು, ಅದರಲ್ಲಿ ಆ ಹಸಿರು ಪೆಟ್ಟಿಗೆ. ಬ್ಯಾಟರಿ ಮುಗಿಯುವವರೆಗೆ ಅದು ಮೊಲದ ದನಿಯಲ್ಲಿ ಕಿರುಚಿಕೊಂಡಿತ್ತಂತೆ.

ಪಂಕಜಾ ತಾವೇ ಎದ್ದು ಉದಯನ ತಟ್ಟೆಗೆ ಬಡಿಸಿದರು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಕಲಸ್ಕೋ."

"ಹಾಕಿದ್ದು ಸಾಕು ಅತ್ತಿಗೆ."

"ಕೊನೇಲಿ ನೀನೊಬ್ಬ ಆದೆ ಅವರಿಗೆ," ಎಂದರು ಅವರು, ಸೌಟು ಹಿಡಿದುಕೊಂಡೇ. "ನನಗೂ ಅಷ್ಟೆ. ನಿನಗೆ ಕೊಟ್ಟ ರಿಂಗನ್ನೇ ಸುಳ್ಳು ಮಾಡಿದ್ರಲ್ಲ, ಅದಕ್ಕೇ ನನಗೆ ಜಾಸ್ತಿ ಉರೀತಿರೋದು. ಇಡೀ ಜನ್ಮದಲ್ಲಿ ಸುಳ್ಳು ಹೇಳಿದ ಮನುಷ್ಯ ಅಲ್ಲ. ಹೋಗ್ತಾ ಯಾಕೆ ಹೀಗೆ ಮಾಡಿದ್ರೋ."

ಮಾಧವಿ ತುತ್ತು ಹಿಡಿದ ಕೈಯನ್ನು ತಟ್ಟೆಗಿಳಿಸಿ ಗಂಡನ ಕಡೆ ನೋಡಿದಳು. ಉದಯ ಬೇಳೆಯಲ್ಲಿ ಅನ್ನ ಕಲಸಿದ. ಶಿವಕುಮಾರ್ ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ತುತ್ತು ಗಂಟಲಲ್ಲಿ ಇಳಿಯಿತು; ಹಸಿವಾಗಿತ್ತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಗುರುಗುಟ್ಟಿತು.

ಅಹ್ಮದನಿಗೆ ಫೋನು ಸಿಕ್ಕಿತ್ತು. ಮುಳ್ಳಿನ ಪೊದೆ ಕೊಯ್ಯಿಸಿ, ಒರೆಸಿ, ಚಾರ್ಜಿಗೆ ಹಾಕಿ, ಕೆಲಸ ಮಾಡುತ್ತದೆಯೋ ಇಲ್ಲವೋ ನೋಡೋಣ ಎಂದು ಅವನು ಹಸಿರು ಗುಂಡಿಯನ್ನು ಎರಡು ಸಲ ಒತ್ತಿದ್ದ. ಇಲ್ಲಿ ಬೆಳಗಿದ ಪರದೆಯ ಮೇಲೆ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಬಾಲಕೃಷ್ಣನ ಫೋಟೋ ಬಂತು, ಅದರ ಕೆಳಗೆ ಅಣ್ಣ ಎಂಬ ಹೆಸರು.

ಉದಯ ಯೋಚಿಸಲಿಲ್ಲ. ಯೋಚಿಸಿದ್ದರೆ ಬೇರೇನಾದರೂ ಮಾಡುತ್ತಿದ್ದ. ಅವನ ಎಡಗೈ ತಾನಾಗಿಯೇ ಹೋಗಿ, ಹೆಬ್ಬೆರಳು ಅಂಚಿಗೆ ಕೊಟ್ಟು, ಇಡೀ ಚಳಿಗಾಲ ಮಾಡಿದ ಹಾಗೆ, ಬಹಳ ಸಲೀಸಾಗಿ ಫೋನನ್ನು ಬೋರಲು ಹಾಕಿತು.

ಶಿವಕುಮಾರ್ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಪಂಕಜಾ ಸೌಟು ಹಿಡಿದು ಉದಯನ ಹೆಗಲ ಹಿಂದೆಯೇ ನಿಂತಿದ್ದರು. ಅವರು ಹೆಸರನ್ನೂ ನೋಡಿದ್ದರು, ಕೈಯನ್ನೂ ನೋಡಿದ್ದರು. ಫೋನು ಬೋರಲು ಬಿದ್ದುಕೊಂಡೇ ಗುರುಗುಟ್ಟಿತು, ತಡೆದು ಮತ್ತೆ ಗುರುಗುಟ್ಟಿತು. ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಯವರೆಗೆ ಹೊಡೆದುಕೊಂಡು ನಿಂತಿತು.

"ಹೀಗೇ ಬಂತಾ ಅವತ್ತು?" ಎಂದು ಕೇಳಿದರು ಪಂಕಜಾ.

ಉದಯ ತಟ್ಟೆಯಲ್ಲಿದ್ದ ಕಲಸಿದ ಅನ್ನವನ್ನೇ ನೋಡುತ್ತಿದ್ದ.

"ಎಷ್ಟು ಸಲ?"

ಉತ್ತರ ಕೊಟ್ಟದ್ದು ಮಾಧವಿ. "ಮೂರು ಅಕ್ಕ."

ಪಂಕಜಾ ಸೌಟನ್ನು ಪಾತ್ರೆಯೊಳಗೆ ಸದ್ದಾಗದಂತೆ ಇಟ್ಟು, ಕುರ್ಚಿ ಎಳೆದುಕೊಂಡು, ಫೋನಿನ ಮುಂದೆ ಕೂತರು. ಬಲಗೈಯನ್ನು ಬಿಚ್ಚಿ ಅಂಗೈ ನೋಡಿಕೊಂಡರು.

"ನಾನು ಅಕ್ಕಿ ಹಾಕ್ಲಿಲ್ಲ ಕಣೋ," ಎಂದರು.

ಫೋನು ಎರಡನೆಯ ಸಲ ಗುರುಗುಟ್ಟತೊಡಗಿತು. ಪ್ರತಿ ರಿಂಗಿಗೂ ಒಂದಿಷ್ಟೇ ಜರುಗುತ್ತ, ಮೇಜಿನ ಮೇಲೆ ತೆವಳುತ್ತ ಹೋಗಿ, ಉದಯನ ನೀರಿನ ಲೋಟಕ್ಕೆ ತಗುಲಿತು. ಸ್ಟೀಲಿನ ಲೋಟ ಗಿಣಿಗಿಣಿ ಎನ್ನತೊಡಗಿತು. ಪಂಕಜಾ ಹೆಬ್ಬೆರಳನ್ನು ಕಿರುಬೆರಳಿನ ಬುಡದ ಗೆಣ್ಣಿಗೆ ಇಟ್ಟು ಎಣಿಸುತ್ತಿದ್ದರು. ಒಂದು. ಎರಡು. ಮೂರು.